ಕೈಗೆ ಕೊಡದ ಮೆಣಸಿನಕಾಯಿ

ಕಪಿಲೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಒಬ್ಬರೇ ಗುರುಗಳು. ಹಿಂದೆ ಹಿತ್ತಲು, ಮುಂದೆ ಹೊಳೆಗೆ ಇಳಿಯುವ ಮೆಟ್ಟಿಲು.

ಶ್ರಾವಣದ ಮೊದಲ ಸೋಮವಾರ ಸರ್ವಮಂಗಳ ಬಸ್ಸಿಳಿದು ಅಲ್ಲಿಗೆ ಬಂದಳು. ಹೆಗಲಲ್ಲಿ ಬಟ್ಟೆಯ ಚೀಲ. ತೋಳಿನಲ್ಲಿ, ಕೂಸನ್ನು ಎತ್ತಿಕೊಂಡ ಹಾಗೆ, ಒಂದು ಮಣ್ಣಿನ ಕುಂಡ.

ಕುಂಡದಲ್ಲಿ ಮೊಳದುದ್ದದ ಮೆಣಸಿನ ಗಿಡ.

ಅವಳದು ಮೊಮ್ಮಕ್ಕಳನ್ನು ಕಂಡ ವಯಸ್ಸು. ಚಿಕ್ಕಂದಿನಲ್ಲಿ ದೀಕ್ಷೆ ಕೊಟ್ಟ ಈ ಗುರುಗಳ ಮುಂದೆ ಮಾತ್ರ ಇನ್ನೂ ಚಿಕ್ಕವಳೇ.

"ಬುದ್ಧೀ, ಮನಸ್ಸು ನಿಲ್ತಾ ಇಲ್ಲ," ಅಂದಳು. "ಕೂತರೆ ಏಳೋಣ ಅನ್ನಿಸುತ್ತೆ. ಎದ್ದರೆ ಯಾಕೆ ಎದ್ದೆ ಅನ್ನಿಸುತ್ತೆ. ಶ್ರಾವಣ ಮುಗಿಯೋವರೆಗೂ ಇಲ್ಲೇ ಇರ್ತೀನಿ. ಏನಾದರೂ ಹೇಳಿಕೊಡಿ."

"ಮೊದಲು ಕುಂಡ ಕೆಳಗಿಡು."

ಅವಳು ಸುತ್ತ ನೋಡಿದಳು. ಜಗುಲಿಯ ಮೇಲಿಟ್ಟಳು. ಅಲ್ಲಿಂದ ಎತ್ತಿ ಮೆಟ್ಟಿಲ ಮೇಲಿಟ್ಟಳು. ಅಲ್ಲಿಂದಲೂ ಎತ್ತಿದಳು.

"ಇಲ್ಲಿ ಗಾಳಿ ಜಾಸ್ತಿ ಬುದ್ಧಿ. ಅಲ್ಲಿ ನೆರಳು."

ಗುರುಗಳು ನಕ್ಕು ಒಳಗೆ ಹೋದರು.

ಮರುದಿನದಿಂದ ಅವಳಿಗೆ ಅದೇ ಕೆಲಸ. ಬೆಳಿಗ್ಗೆ ಕುಂಡ ಮೂಡಣ ಗೋಡೆಯ ಬುಡಕ್ಕೆ. ಬಿಸಿಲೇರಿದರೆ ಬೇವಿನ ಮರದ ಕೆಳಗೆ. ಹೊತ್ತು ಇಳಿದರೆ ಮೆಟ್ಟಿಲಿಗೆ. ಮೋಡ ಕವಿದರೆ ಜಗುಲಿಗೆ, ಮೋಡ ಸರಿದರೆ ಮತ್ತೆ ಮೆಟ್ಟಿಲಿಗೆ.

ಗುರುಗಳು ಪಾಠ ಹೇಳುತ್ತಿದ್ದರೆ ನಡುವೆ ಎದ್ದುಬಿಡುತ್ತಿದ್ದಳು.

"ಎಲ್ಲಿಗೆ?"

"ಬಿಸಿಲು ಸರೀತು ಬುದ್ಧಿ. ಈಗ ಬಂದೆ."

ಗಿಡ ಮೊಗ್ಗು ಬಿಟ್ಟಿತು. ಮೊಗ್ಗು ಅರಳಿ ಬಿಳಿ ಹೂವಾಯಿತು. ಹೂವೆಲ್ಲ ತೊಟ್ಟಿನ ಸಮೇತ ಮಣ್ಣಿಗೆ ಬಿತ್ತು.

ಅವಳು ಬಿದ್ದ ಹೂಗಳನ್ನು ಅಂಗೈಯಲ್ಲಿ ತಂದು ತೋರಿಸಿದಳು.

"ಬೆರಳು ತೂರಿಸಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕ್ತೀನಿ. ಕೊಟ್ಟಿಗೆ ಗೊಬ್ಬರ ಪುಡಿ ಮಾಡಿ ಹಾಕಿದ್ದೀನಿ. ದಿನಾ ಎಲೆ ತಿರುವಿ ನೋಡ್ತೀನಿ, ಅಡಿಯಲ್ಲಿ ಒಂದು ಹುಳ ಇಲ್ಲ. ಆದರೂ ಹೂ ಯಾಕೆ ನಿಲ್ತಿಲ್ಲ?"

"ಊಟ ಆಯ್ತಾ?" ಅಂದರು ಗುರುಗಳು.

"ಇನ್ನೂ ಇಲ್ಲ."

"ಬಾ."

ಅಂದು ಗುರುಗಳೇ ಎಲೆ ಹಾಕಿ ಬಡಿಸಿದರು. ಅವಳು ಮೊದಲ ತುತ್ತು ಬಾಯಿಗಿಟ್ಟಳು. ಗುರುಗಳು ಎಲೆಯನ್ನು ಹಿಡಿದು ಕಿಟಕಿಯ ಕಡೆಗೆ ಎಳೆದರು.

"ಇಲ್ಲಿ ಬೆಳಕು ಚೆನ್ನಾಗಿದೆ."

ಅವಳು ಸರಿದು ಕೂತಳು. ಎರಡನೇ ತುತ್ತು ಕಲಸುವಷ್ಟರಲ್ಲಿ ಎಲೆ ಬಾಗಿಲಿನ ಕಡೆಗೆ ಹೋಯಿತು.

"ಇಲ್ಲಿ ಗಾಳಿ ಬರುತ್ತೆ."

ಅವಳು ಅಲ್ಲಿಗೂ ಸರಿದಳು. ಎಲೆ ಒಲೆಯ ಪಕ್ಕಕ್ಕೆ ಹೋಯಿತು. ಸಾರು ಎಲೆಯಿಂದ ಇಳಿದು ನೆಲದ ಮೇಲೆ ಹರಿಯಿತು.

"ಊಟ ಮಾಡೋಕೆ ಬಿಡ್ತೀರೋ ಇಲ್ವೋ ಬುದ್ಧಿ!"

"ನಾನೇನು ಕಿತ್ಕೊಂಡೆನಾ? ಒಳ್ಳೇ ಜಾಗ ಹುಡುಕ್ತಾ ಇದ್ದೆ."

ಸರ್ವಮಂಗಳ ಎಲೆಯಲ್ಲಿ ಉಳಿದಿದ್ದನ್ನು ಉಂಡು ಮುಗಿಸಿದಳು. ಆಮೇಲೆ ಕೈ ತೊಳೆದು ಹೋಗಿ, ಕುಂಡವನ್ನು ಮೂಡಣ ಗೋಡೆಯ ಬುಡದಲ್ಲಿಟ್ಟಳು. ಮತ್ತೆ ಅದನ್ನು ಎತ್ತಲಿಲ್ಲ.

ಎತ್ತದ ಕೈಗೆ ಬೇರೆ ಕೆಲಸ ಬೇಕಾಯಿತು. ಅಂಗಳ ಗುಡಿಸಿದಳು. ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ ಗುಡಿಸಿದಳು.

ಇನ್ನೊಂದು ದಿನ ಊಟಕ್ಕೆ ಕೂತಾಗ ಗುರುಗಳು ಕೈ ಚಾಚಿದರು.

"ಒಂದು ಹಸಿಮೆಣಸಿನಕಾಯಿ ಕೊಡು."

ಅವಳು ಅಡುಗೆಮನೆಯ ಬುಟ್ಟಿಯಿಂದ, ಸಂತೆಯಿಂದ ತಂದಿದ್ದ ಒಂದು ಕಾಯಿಯನ್ನು ತೆಗೆದು ಅವರ ಎಲೆಯ ಪಕ್ಕದಲ್ಲಿ ನೆಲದ ಮೇಲಿಟ್ಟಳು.

"ಕೈ ಚಾಚಿದ್ದೆನಲ್ಲ?"

"ಮೆಣಸಿನಕಾಯಿ ಕೈಗೆ ಕೊಡಬಾರದು ಬುದ್ಧಿ. ಜಗಳ ಬರುತ್ತೆ. ಕೆಳಗಿಡಬೇಕು, ಬೇಕಾದವರು ಎತ್ಕೋಬೇಕು."

"ನಮ್ಮಿಬ್ಬರಿಗೂ ಜಗಳವಾ?"

"ಯಾರಿಗಾದರೂ ಸರಿ. ಒಂದು ಸಲ ಮರೆತು ನಮ್ಮಕ್ಕನ ಕೈಗೇ ಕೊಟ್ಟುಬಿಟ್ಟೆ. ಈಗ ನೋಡಿ, ಎರಡು ವರ್ಷದಿಂದ ಮಾತಿಲ್ಲ, ಕತೆಯಿಲ್ಲ."

ಗುರುಗಳು ನೆಲದ ಮೇಲಿದ್ದ ಕಾಯಿಯನ್ನು ಎತ್ತಿಕೊಂಡು ಕಚ್ಚಿದರು.

"ಹೇಳು."

"ನಾನು ತಂದಿರೋ ಗಿಡ ನಮ್ಮವ್ವನ ಮೆಣಸಿನದು. ಕಾಯಿ ಮೋಟು, ಗುಂಡಗೆ, ತೊಟ್ಟಿನ ಹತ್ತಿರ ಸುಕ್ಕು. ಮಜ್ಜಿಗೆ ಮೆಣಸಿನಕಾಯಿ ಮಾಡಿ ಕರಿದರೆ ಬೀದಿಗೆಲ್ಲ ಘಮ. ಪೇಟೆಯಲ್ಲಿ ಎಲ್ಲೂ ಸಿಗಲ್ಲ. ಅವ್ವ ಹೋಗೋ ಮುಂಚೆ ನನಗೂ ಅಕ್ಕ ಚೆನ್ನಾಜಮ್ಮನಿಗೂ ಬೀಜ ಕೊಟ್ಟಳು. ಅಕ್ಕ ಏನು ಮಾಡಿದಳು? ಪೇಟೆಯಿಂದ ತಂದ ಮೆಣಸಿನ ಸಸಿಗಳ ಪಕ್ಕದಲ್ಲೇ ಅದನ್ನೂ ಹಾಕಿದಳು. ಜೇನು ಅದರ ಹೂವಿನಿಂದ ಇದರ ಹೂವಿಗೆ ಹಾರಿ ಬೀಜ ಬೆರಕೆ ಆಯ್ತು. ಆ ಬೀಜದಿಂದ ಬಂದ ಕಾಯಿ ಉದ್ದಕ್ಕೆ, ಸಪ್ಪೆ. ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಎಲ್ಲರೂ ಸೇರಿದ್ದರು. ಅಡುಗೆಮನೆಯಲ್ಲಿ ಅವಳ ಕೈಗೆ ಮೆಣಸಿನಕಾಯಿ ಕೊಟ್ಟೆ. ಪಂಕ್ತಿಯಲ್ಲಿ ಕೂತಾಗ ಅವಳ ಮನೆಯ ಕಾಯಿ ತಿಂದು ನೋಡಿ, ಅವ್ವನ ಬೀಜ ಕೆಡಿಸಿಬಿಟ್ಟೆಯಲ್ಲ ಅಂದೆ."

"ಎಲ್ಲರ ಮುಂದೆ?"

"ಇದ್ದದ್ದನ್ನ ಇದ್ದ ಹಾಗೆ ಅಂದೆ."

"ಅವಳು?"

"ಅತ್ತಳು. ಕೈ ತೊಳೆದ ಮೇಲೆ ಹಿಂದಿನಿಂದ ಬಂದು, ನಿನ್ನ ಹತ್ತಿರ ಇರೋ ಬೀಜ ಒಂದು ಚಿಟಿಕೆ ಕೊಡೇ ಅಂದಳು. ಕೊಡಲಿಲ್ಲ. ಕೊಟ್ಟರೆ ಮತ್ತೆ ಕೆಡಿಸ್ತಾಳೆ."

"ಮನೆಯಲ್ಲಿ ನಿನ್ನ ಗಿಡಗಳು?"

ಸರ್ವಮಂಗಳ ಎಲೆಯ ಅಂಚನ್ನು ಮಡಿಸಿದಳು. ಬಿಡಿಸಿದಳು.

"ಈ ಸಲ ಎಲೆ ಮುದುಡೋ ರೋಗ ಬಂತು. ಎಲ್ಲ ಕಿತ್ತು ಸುಟ್ಟುಬಿಟ್ಟೆ. ಎತ್ತಿಟ್ಟಿದ್ದ ಬೀಜ ಪೂರ್ತಿ ಬಿತ್ತಿದ್ದೆ. ಇದೊಂದು ಕುಂಡದಲ್ಲಿ ದೂರ ಇತ್ತು, ಉಳೀತು. ಇದು ಹಣ್ಣು ಬಿಡದೇ ಹೋದರೆ ಅವ್ವನ ಮೆಣಸಿನಕಾಯಿ ಇನ್ನಿಲ್ಲ."

"ಅಕ್ಕನಿಗೆ ಗೊತ್ತಾ?"

"ಅವಳಿಗ್ಯಾಕೆ ಗೊತ್ತಾಗಬೇಕು?"

ಗುರುಗಳು ಕಾಯಿ ತಿಂದು ಮುಗಿಸಿ ತೊಟ್ಟನ್ನು ಎಲೆಯ ಮೂಲೆಗಿಟ್ಟರು.

"ಇದು ಸಪ್ಪೆ," ಅಂದರು.

ಮಠದ ಹಿತ್ತಲಲ್ಲಿ ಒಂದು ಸೂಜಿಮೆಣಸಿನ ಪೊದೆ ಇತ್ತು. ಅದು ಹೂಬಿಟ್ಟಿದ್ದನ್ನು ಸರ್ವಮಂಗಳ ನೋಡಿದ್ದು ಮರುದಿನ. ಹೂವಿನ ಮೇಲೆ ಜೇನುಹುಳಗಳು ಆಡುತ್ತಿದ್ದವು.

ಅವಳು ಓಡಿಬಂದು ತನ್ನ ಗಿಡದ ಸುತ್ತ ನಾಲ್ಕು ಕಡ್ಡಿ ನೆಟ್ಟಳು. ಹಳೆಯ ಪಂಚೆ ಹೊದಿಸಿ, ಬುಡದಲ್ಲಿ ದಾರ ಬಿಗಿದಳು.

ಪಂಚೆಯ ಒಳಗೆ ಗಿಡ ಮತ್ತೆ ಹೂಬಿಟ್ಟಿತು. ಪಂಚೆಯ ಒಳಗೇ ಹೂ ಉದುರಿತು.

ಗುರುಗಳು ಬಂದು ನಿಂತರು.

"ಒಳಗೆ ಯಾರಿದ್ದಾರೆ?"

"ಗಿಡ ಬುದ್ಧಿ."

"ಏನು ತಪ್ಪು ಮಾಡಿತ್ತು?"

"ನಗಬೇಡಿ. ಜೇನು ಬರಬಾರದು ಅಂತ ಮುಚ್ಚಿದ್ದೀನಿ."

ಗುರುಗಳು ದಾರ ಸಡಿಲಿಸಿ ಪಂಚೆ ಎತ್ತಿದರು. ಉಳಿದಿದ್ದ ಒಂದು ಹೂವಿನ ಹಿಂದೆ, ಕಾಂಡಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಹೂವಿನ ನಡುವಿನಿಂದ ಹಿಟ್ಟಿನಂಥ ಪುಡಿ ಉದುರಿ ಆ ಹೂವಿನ ಮೇಲೇ ಕೂತಿತು.

"ಗಾಳಿ ಮಾಡೋ ಕೆಲಸ ಇದು," ಅಂದರು. "ಅದಕ್ಕೂ ಬಾಗಿಲು ಹಾಕಿದ್ದೀಯ."

ಪಂಚೆ ಹೋಯಿತು. ಪಂಚೆಯ ಬದಲು ಸರ್ವಮಂಗಳ ತಾನೇ ಕೂತಳು. ಬೆಳಗಿನಿಂದ ಗಿಡದ ಮುಂದೆ, ಕೈಯಲ್ಲಿ ಒಂದು ಟವೆಲ್. ಜೇನು ಬಂದರೆ ಬೀಸುವುದು. ಚಿಟ್ಟೆ ಬಂದರೂ ಬೀಸುವುದು.

ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರು ನಿಂತು ನೋಡಿದರು.

"ಏನಮ್ಮ, ಗಿಡಕ್ಕೆ ಚಾಮರ ಸೇವೆನಾ?"

"ಹೌದು. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

"ಪಾಠಕ್ಕೆ ಬರ್ತೀಯಾ?" ಒಳಗಿನಿಂದ ಗುರುಗಳು ಕೂಗಿದರು.

"ಜೇನು ಬುದ್ಧಿ!"

ಗುರುಗಳು ಬೆರಳಿನಿಂದ ತಟ್ಟಿದ್ದ ಆ ಒಂದು ಹೂ ಉದುರಲಿಲ್ಲ. ಅದರ ಬುಡದಲ್ಲಿ ಜೋಳದ ಕಾಳಿನಷ್ಟು ಹಸಿರು ಕಾಣಿಸಿತು.

ಆಮೇಲೆ ಸರ್ವಮಂಗಳ ಒಂದು ಲೆಕ್ಕ ಹಾಕಿದಳು. ಗಿಡದ ಶಕ್ತಿಯೆಲ್ಲ ಈ ಒಂದೇ ಕಾಯಿಗೆ ಹೋಗಬೇಕು. ಹಾಗೆಂದುಕೊಂಡು, ಮೂಡಿದ ಮೊಗ್ಗನ್ನೆಲ್ಲ ಉಗುರಿನಿಂದ ಚಿವುಟತೊಡಗಿದಳು. ಬೆಳಿಗ್ಗೆ ಚಿವುಟುವಳು. ಸಂಜೆ ಬಂದು, ಬೆಳಿಗ್ಗೆ ಕಣ್ಣಿಗೆ ತಪ್ಪಿದ್ದನ್ನು ಚಿವುಟುವಳು.

ಕಾಯಿ ದಪ್ಪಗಾಯಿತು. ಮೋಟಾಗಿ, ಗುಂಡಗೆ, ತೊಟ್ಟಿನ ಹತ್ತಿರ ಸುಕ್ಕು.

ಶ್ರಾವಣ ಮುಗಿಯಿತು. ಮನೆಯಿಂದ ಸೊಸೆ ಫೋನ್ ಮಾಡಿದಳು.

"ಯಾವಾಗ ಬರ್ತೀರಾ ಅತ್ತೆ?"

"ಕಾಯಿ ಕೆಂಪಾಗಲಿ."

"ಯಾವ ಕಾಯಿ?"

ಅವಳು ಫೋನ್ ಇಟ್ಟುಬಿಟ್ಟಳು.

ಒಂದು ಬೆಳಿಗ್ಗೆ ಗುರುಗಳು ಗಿಡದ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಈ ಮೆಣಸಿನಕಾಯಿ ಇನ್ನೆಲ್ಲೆಲ್ಲಿ ಇದೆ?"

"ಎಲ್ಲೂ ಇಲ್ಲ ಬುದ್ಧಿ. ಇದೊಂದೇ." ಹೇಳುವಾಗ ಅವಳ ಕತ್ತು ನೆಟ್ಟಗಾಯಿತು.

"ಹಾಗಾದರೆ ಇದನ್ನ ಮುಗಿಸೋಕೆ ಒಂದು ಮೇಕೆ ಸಾಕು," ಅಂದು ಗುರುಗಳು ಎದ್ದರು.

ಅವಳು ಆ ದಿನವೇ ಮುಳ್ಳು ತಂದು ಬೇಲಿ ಕಟ್ಟಿದಳು. ಕೈಯೆಲ್ಲ ಗೀರಾಯಿತು. ಕಣ್ಣು ಮುಚ್ಚಿದರೆ ಮೇಕೆ ಕಾಣುತ್ತಿತ್ತು.

ಅದಾಗಿ ಕೆಲವು ದಿನಕ್ಕೆ, ಅವಳು ಹೊಳೆಯಲ್ಲಿ ಬಟ್ಟೆ ಜಾಲಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ಜಗುಲಿಯ ಮೇಲೆ ಗುರುಗಳು ಕೂತಿದ್ದರು. ಒಂದು ಕೈಯಲ್ಲಿ ರಾಗಿ ರೊಟ್ಟಿ. ಇನ್ನೊಂದು ಕೈಯಲ್ಲಿ ಒಂದು ಹಸಿರು ತೊಟ್ಟು. ಅವರ ಕಣ್ಣಲ್ಲಿ, ಮೂಗಲ್ಲಿ ನೀರು.

ಬೇಲಿ ತೆರೆದಿತ್ತು. ಗಿಡದಲ್ಲಿ ಕಾಯಿ ಇರಲಿಲ್ಲ.

"ಖಾರ," ಅಂದರು ಗುರುಗಳು, ಬಾಯಿಗೆ ಗಾಳಿ ಎಳೆದುಕೊಂಡು. "ನಿಮ್ಮವ್ವ ಭಿಕ್ಷೆಗೆ ಮನೆಗೆ ಕರೆದಾಗ ತಿಂದಿದ್ದೆ. ಅದೇ ರುಚಿ."

ಒದ್ದೆ ಬಟ್ಟೆ ಅವಳ ಕೈಯಿಂದ ಜಾರಿ ಮಣ್ಣಿಗೆ ಬಿತ್ತು.

"ಅದು ಬೀಜಕ್ಕೆ ಬಿಟ್ಟಿದ್ದು! ಬೀಜ ಬಲಿತೂ ಇರಲಿಲ್ಲ!"

"ಹೌದು. ಎಳಸು."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದರೆ ಕೊಡ್ತಿದ್ದೆಯಾ? ಕೈಗೆ ಕೊಡಬಾರದು ಅಂತ ನೀನೇ ಹೇಳಿದ್ದೆ. ಅದಕ್ಕೇ ನಾನೇ ಕಿತ್ಕೊಂಡೆ."

ಆಗ ಅವಳು, ಜನ್ಮದಲ್ಲಿ ಗುರುಗಳ ಮುಂದೆ ಆಡದ ಮಾತನ್ನು ಆಡಿದಳು.

"ನೀವು ಗುರುಗಳಲ್ಲ, ಮೇಕೆ!"

ಗುರುಗಳು ರೊಟ್ಟಿ ಮುರಿದರು.

"ಒಂದು ಸಾಕು ಅಂತ ಮೊದಲೇ ಹೇಳಿದ್ದೆ."

ಅವಳು ಬಟ್ಟೆಯನ್ನು ಒದ್ದೆಯಾಗಿದ್ದ ಹಾಗೇ ಚೀಲಕ್ಕೆ ತುಂಬಿ ರಸ್ತೆಗೆ ನಡೆದಳು. ಬಸ್ಸು ಬಂತು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು.

ಇವತ್ತು ಗಿಡಕ್ಕೆ ನೀರು ಹಾಕಿಲ್ಲ ಎಂಬುದು ನೆನಪಾಯಿತು.

"ಬೇಗ ಹತ್ತಿ ಅಮ್ಮಾ," ಅಂದ ಕಂಡಕ್ಟರ್.

ಅವಳು ಕಾಲು ತೆಗೆದಳು. ಮತ್ತೆ ಇಟ್ಟಳು.

"ಹತ್ತೋದಾ, ಇಳಿಯೋದಾ? ಒಂದು ಮಾಡಿ!"

ಇಳಿದಳು. ಬಸ್ಸು ಹೋದ ಮೇಲೂ ಧೂಳಿನಲ್ಲಿ ನಿಂತೇ ಇದ್ದಳು. ಆಮೇಲೆ ಮಠದ ಕಡೆಗೆ ತಿರುಗಿದಳು.

ಗಿಡಕ್ಕೆ ನೀರು ಹಾಕಿದಳು. ಗುರುಗಳ ಜೊತೆ ಮಾತು ಬಿಟ್ಟಳು.

ದಿನಾ ಮಣ್ಣು ಮುಟ್ಟಿ ನೋಡುವಳು, ಒಣಗಿದ್ದರೆ ನೀರು ಹಾಕುವಳು, ಅಷ್ಟೇ. ಟವೆಲ್ ಹಿಡಿಯಲಿಲ್ಲ. ಮೊಗ್ಗು ಚಿವುಟಲಿಲ್ಲ. ಬೇಲಿ ತೆರೆದಿದ್ದು ತೆರೆದ ಹಾಗೇ ಇತ್ತು. ಇನ್ನು ಕಾಯುವುದಕ್ಕೆ ಏನಿದೆ ಎಂದು, ಗಿಡಕ್ಕೆ ಬೆನ್ನು ಹಾಕಿ ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಸಿಟ್ಟಿನಲ್ಲೇ ಕೂರುತ್ತಿದ್ದಳು. ಆದರೂ ಒಂದು ಮಧ್ಯಾಹ್ನ, ಊಟದ ನಂತರ ಕೂತವಳು ಹೊಳೆಯ ನೀರು ಕಪ್ಪಾಗುವವರೆಗೂ ಏಳಲಿಲ್ಲ.

ಅವಳ ಬೆನ್ನ ಹಿಂದೆ ಗಿಡ ಕವಲೊಡೆಯಿತು. ಕವಲಿಗೊಂದು ಮೊಗ್ಗು ಬಂತು. ಗಾಳಿ ಬೀಸಿತು. ಜೇನೂ ಬಂದವು.

ಒಂದು ಬೆಳಿಗ್ಗೆ ನೀರು ಹಾಕಲು ಬಗ್ಗಿದವಳು ಎಲೆಯ ಮರೆಯಲ್ಲಿ ಒಂದು ಕಾಯಿ ನೋಡಿದಳು. ಎಲೆ ಸರಿಸಿದರೆ ಇನ್ನೊಂದು. ಆ ಕೊಂಬೆಯಲ್ಲಿ ಮತ್ತೊಂದು. ತಂಬಿಗೆಯ ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

ಕೊಂಬೆಗಳು ಭಾರಕ್ಕೆ ಬಾಗಿದವು. ಹಿಂದೆ ಪಂಚೆ ಹೊದಿಸಲು ನೆಟ್ಟಿದ್ದ ಕಡ್ಡಿಗಳಿಗೇ ಅವನ್ನು ಸಡಿಲವಾಗಿ ಕಟ್ಟಿದಳು.

ದೀಪಾವಳಿಯ ಹೊತ್ತಿಗೆ ಗಿಡವೆಲ್ಲ ಕೆಂಪು.

ಅವಳು ಹಣ್ಣು ಬಿಡಿಸಿ ಮೊರದಲ್ಲಿ ತಂದು ಗುರುಗಳ ಮುಂದೆ ನೆಲದ ಮೇಲಿಟ್ಟಳು. ಎಷ್ಟೋ ದಿನದ ಮೇಲೆ ಬಾಯಿ ತೆರೆದಳು.

"ಆವತ್ತು ಮೇಕೆ ಅಂದುಬಿಟ್ಟೆ. ತಪ್ಪಾಯ್ತು ಬುದ್ಧಿ."

"ಮೇಕೆಗೆ ರೊಟ್ಟಿ ರುಚಿಯಾಗಿತ್ತು, ಬಿಡು. ನೀನು ಕೈಗೆ ಕೊಟ್ಟಿರಲಿಲ್ಲ. ಆದರೂ ನಮ್ಮಿಬ್ಬರಿಗೂ ಜಗಳ ಬಂತಲ್ಲ?"

ಅವಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಅವಳ ಬೆರಳುಗಳು ಆಗಲೇ ಮೊರದ ಹಣ್ಣುಗಳನ್ನು ತಿರುವಿಹಾಕುತ್ತಿದ್ದವು.

"ಒಂದು ಚಿಂತೆ ಬುದ್ಧಿ. ಜೇನು ಬಂದಿದ್ದವು. ಹಿತ್ತಲಲ್ಲಿ ಸೂಜಿಮೆಣಸು ಇದೆ. ಬೀಜ ಬೆರಕೆಯಾಗಿದ್ದರೆ?"

"ಒಂದು ಹಣ್ಣು ತಿಂದು ನೋಡು."

"ತಿಂದರೆ ಗೊತ್ತಾಗಲ್ಲ. ಹಣ್ಣು ಯಾವತ್ತೂ ತಾಯಿಗಿಡದ ರುಚಿಯೇ. ಒಳಗಿನ ಬೀಜ ಏನಾಗಿದೆ ಅನ್ನೋದು, ಬಿತ್ತಿ, ಸಸಿ ಮಾಡಿ, ಮುಂದಿನ ವರ್ಷ ಅದು ಕಾಯಿ ಬಿಟ್ಟ ಮೇಲೇ ತಿಳಿಯೋದು."

"ಅಲ್ಲಿಯವರೆಗೆ?"

"ಅಲ್ಲಿಯವರೆಗೆ ಯಾರಿಗೂ ತಿಳಿಯಲ್ಲ."

"ಆಗ ನಿಮ್ಮಕ್ಕ ಚೆನ್ನಾಜಮ್ಮನಿಗೂ ತಿಳಿದಿರಲಿಲ್ವಾ?"

ಮೊರದಲ್ಲಿ ಆಡುತ್ತಿದ್ದ ಸರ್ವಮಂಗಳಳ ಬೆರಳು ನಿಂತಿತು.

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

ಗುರುಗಳೇ ಮತ್ತೆ ಕೇಳಿದರು.

"ಜೋಪಾನ ಮಾಡೋಳು ನೀನು. ನಿಮ್ಮವ್ವನಿಗೆ ಅದು ಗೊತ್ತಿರಲಿಲ್ವಾ? ಬೀಜ ಇಬ್ಬರಿಗೂ ಯಾಕೆ ಕೊಟ್ಟರು?"

"ಒಬ್ಬಳ ಹತ್ತಿರ ಹೋದರೂ ಇನ್ನೊಬ್ಬಳ ಹತ್ತಿರ..." ಅಂದವಳು ಅಲ್ಲಿಗೇ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಹಣ್ಣುಗಳನ್ನು ಮೊದಲು ನೆರಳಿನಲ್ಲಿ, ಆಮೇಲೆ ಎಳೆಬಿಸಿಲಿನಲ್ಲಿ ಇಡಿಯಾಗಿಯೇ ಒಣಗಿಸಿದಳು. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವಷ್ಟು ಒಣಗಿದ ಮೇಲೆ ಎರಡು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಒಂದನ್ನು ಬಿಚ್ಚಿ, ಅದರಿಂದ ಕೆಲವು ಹಣ್ಣು ತೆಗೆದು ಇನ್ನೊಂದಕ್ಕೆ ಹಾಕಿದಳು. ಮತ್ತೆ ತೂಗಿದಳು. ಮತ್ತೆ ಬಿಚ್ಚಿದಳು.

"ಯಾವುದು ಅಕ್ಕನಿಗೆ?" ಅಂದರು ಗುರುಗಳು.

"ಇನ್ನೂ ತೀರ್ಮಾನ ಆಗಿಲ್ಲ ಬುದ್ಧಿ."

ಹೊರಡುವ ಬೆಳಿಗ್ಗೆ ಚೀಲ ಹೆಗಲಿಗೇರಿಸಿದಳು. ದೊಡ್ಡ ಗಂಟು ಕೈಯಲ್ಲಿತ್ತು. ಸಣ್ಣದು ಚೀಲದಲ್ಲಿತ್ತು. ಕುಂಡ ಮೂಡಣ ಗೋಡೆಯ ಬುಡದಲ್ಲೇ ಇತ್ತು.

"ಗಿಡ ಇಲ್ಲೇ ಇರಲಿ ಬುದ್ಧಿ. ಕೊಂಬೆ ಸವರಿದ್ದೀನಿ, ಚಿಗುರುತ್ತೆ. ಮಣ್ಣು ಮುಟ್ಟಿ ನೋಡಿ ನೀರು ಹಾಕಿ. ಎರಡು ಮನೆಯಲ್ಲೂ ಹೋದರೆ ಮೂರನೇ ಕಡೆ ಇರಲಿ."

"ಮೇಕೆಯ ಹತ್ತಿರ ಬಿಟ್ಟು ಹೋಗ್ತೀಯಾ?"

"ತಿನ್ನೋದು ತಿನ್ನಿ. ಒಂದೆರಡು ಬೀಜಕ್ಕೆ ಬಿಡಿ."

ನಮಸ್ಕಾರ ಮಾಡಿ ಅಂಗಳ ದಾಟಿದಳು. ಬಾಗಿಲ ಹತ್ತಿರ ನಿಂತಳು. ವಾಪಸ್ಸು ಬಂದಳು.

"ಅಕ್ಕನ ಊರಲ್ಲಿ ಇಳೀತೀನಿ."

"ಇಳಿ."

ಮತ್ತೆ ಬಾಗಿಲವರೆಗೆ ಹೋದಳು. ಮತ್ತೆ ಬಂದಳು. ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಬುದ್ಧೀ, ಹೇಗೆ ಕೊಡಲಿ? ಮೆಣಸಿನಕಾಯಿ ಕೈಗೆ ಕೊಡೋ ಹಾಗಿಲ್ಲ. ಅವಳ ಮುಂದೆ ಕೆಳಗಿಟ್ಟರೆ, ಎರಡು ವರ್ಷ ಬಿಟ್ಟು ಬಂದು ಬಿಸಾಕಿದಳು ಅಂದ್ಕೊಳ್ತಾಳೆ. ಅವಳು ಬಗ್ಗಿ ಎತ್ಕೊಳ್ಳದೇ ನಿಂತುಬಿಟ್ಟರೆ ನಾನೇನು ಮಾಡಲಿ? ಜಗುಲಿ ಮೇಲಿಟ್ಟ ಹಾಗೇ ಬಂದುಬಿಡಲಾ? ಇಲ್ಲ, ಯಾರ ಕೈಲಾದರೂ ಕಳಿಸಲಾ?"

ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು.

ಗುರುಗಳು ಗೋಡೆಯ ಬುಡದಲ್ಲಿ ಬಗ್ಗಿ ಕುಂಡದ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ತಲೆ ಎತ್ತದೆ ಅಂದರು:

"ಜಗಳ ಆಗಲೇ ಆಗಿಹೋಗಿದೆಯಲ್ಲ, ತಾಯಿ. ಇನ್ನು ಕೈಗೇ ಕೊಡು."